ಹತ್ತೊಂಬತ್ತನೆಯ ಟೇಪಿನ ದನಿ

ಫೆಬ್ರವರಿ ಮೂರು, ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಅಮೆರಿಕದ ಬಂದರು ಊರಾದ ನ್ಯೂ ಬೆಡ್‌ಫರ್ಡಿನ ಠಾಣೆಗೆ ಬಂದದ್ದು ಹೊಸ ದೂರಲ್ಲ, ತಿರುಗಿ ಬಂದ ಹಳೆಯ ಕೇಸು. ಮೀನು ಕತ್ತರಿಸುವ ಕೆಲಸದ ಜುಲ್ಮಿರಾ ಬಿಕೂದೊ ಮಾದಕವಸ್ತು ಸಾಗಾಟದ ಒಳಸಂಚು ಮತ್ತು ಪ್ರಮಾಣ ಮಾಡಿ ಸುಳ್ಳು ಹೇಳಿದ ಅಪರಾಧಕ್ಕಾಗಿ ಎರಡು ವರ್ಷದಿಂದ ಫೆಡರಲ್ ಜೈಲಿನಲ್ಲಿದ್ದಳು. ಅವಳ ಮೇಲ್ಮನವಿ ಗೆದ್ದಿತ್ತು. ಪೊಲೀಸರು ಕದ್ದಾಲಿಸಿ ಹಿಡಿದಿದ್ದ ಫೋನ್ ಕರೆಗಳಲ್ಲಿ ಹತ್ತೊಂಬತ್ತನೆಯ ಟೇಪನ್ನು ಜ್ಯೂರಿಗೆ ಕೇಳಿಸದೆ, ಅದರ ಬರಹವನ್ನಷ್ಟೇ ಅವರ ಕೊಠಡಿಗೆ ಕಳಿಸಿದ್ದರು. ಹೆಂಗಸು ಆಡಿದ ಪ್ರತಿ ಸಾಲಿನ ಪಕ್ಕ ‘ಜುಲ್ಮಿರಾ’ ಎಂದು ಅಚ್ಚಾಗಿತ್ತು. ಇದು ವಿಚಾರಣೆಯ ಲೋಪ, ಎರಡೂ ಶಿಕ್ಷೆ ರದ್ದು, ಹೊಸದಾಗಿ ವಿಚಾರಣೆಯಾಗಲಿ ಎಂದಿತ್ತು ತೀರ್ಪು.

ಆ ಹೆಸರು ಬರೆಸಿದವಳು ಡಿಟೆಕ್ಟಿವ್ ಇವೊನ್ ಪಾಶೆಕೊ.

“ಏನ್ ಮೇಡಂ, ನಿಮ್ಮ ಕಿವಿ ಮೇಲೇ ಅಪೀಲು ಗೆದ್ದಿದ್ದಾರಂತೆ!” ಎಂದ ಜೊತೆಯ ಪೊಲೀಸ್ ಕಾರ್ನಿ.

“ನಗಬೇಡ ಮಾರಾಯ. ಹತ್ತು ನಿಮಿಷ ಮಾತಾಡಿಸಿ, ಅವಳದೇ ದನಿ ಅಂತ ಆಣೆ ಮಾಡಿಬಿಟ್ಟಿದ್ದೆ.”

ಸರ್ಕಾರಿ ವಕೀಲರು ಮೂರು ವಾರ ಕೊಟ್ಟರು. ಇವೊನ್ ಮತ್ತೆ ಹೌದೆಂದರೆ ಜುಲ್ಮಿರಾಳಿಗೆ ಇನ್ನೂ ಆರು ವರ್ಷ. ಅಲ್ಲವೆಂದರೆ ಅವಳು ಮನೆಗೆ.

ಅಂದೇ ಮಧ್ಯಾಹ್ನ ಇವೊನ್ ಟೇಪು ಹಾಕಿಕೊಂಡು ಕೂತಳು. ಈಸ್ಟರ್ ಹಿಂದಿನ ಶನಿವಾರದ ಕರೆ. ದೋಣಿಯಿಂದ ಒಬ್ಬ ಗಂಡಸು, ದಡದಿಂದ ಒಬ್ಬ ಹೆಂಗಸು. ಹೆಂಗಸಿನ ಕೈಯಲ್ಲಿದ್ದ ಫೋನು ಜುಲ್ಮಿರಾಳ ಹೆಸರಿನದು. ಸರಕು ಎಷ್ಟು, ಯಾರ ಕೈಗೆ ಅನ್ನುವುದೆಲ್ಲ ಇವೊನ್‌ಗೆ ಬಾಯಿಪಾಠವಾಗಿತ್ತು. ನಡುವೆ ಒಂದು ಕಡೆ ಬರಹದಲ್ಲಿ ‘ಅಸ್ಪಷ್ಟ’ ಎಂದಿತ್ತು. ಅಲ್ಲಿ ದಪ್ಪ ಹಿಟ್ಟನ್ನು ತಟ್ಟಿದ ಸದ್ದು. ಆಮೇಲೆ ಹೆಂಗಸು ಪಿಸುಗುಟ್ಟಿದಳು: “ದೇವರು ನಿನ್ನ ಉಬ್ಬಿಸಲಿ, ಮನೆಮಂದಿಗೆಲ್ಲ ಸಾಕಾಗಲಿ.”

ಇವೊನ್ ಟೇಪು ನಿಲ್ಲಿಸಿದಳು. ಅವಳ ಅಮ್ಮನೂ ಸಿಹಿ ಬ್ರೆಡ್ಡಿನ ಹಿಟ್ಟಿನ ಮೇಲೆ ಶಿಲುಬೆ ಗೀರಿ ಹೀಗೇ ಹೇಳುತ್ತಿದ್ದಳು, ಆಮೇಲೆ ಮಗುವಿಗೆ ಹೊದಿಸಿದಂತೆ ಕಂಬಳಿ ಹೊದಿಸುತ್ತಿದ್ದಳು. ಅಮ್ಮ ಹೋಗಿ ಒಂಬತ್ತು ವರ್ಷ. ಸರಕಿನ ಲೆಕ್ಕ ಹಿಡಿಯುವ ಆತುರದಲ್ಲಿ ಈ ದನಿಯನ್ನೇ ದಾಟಿ ಹೋಗಿದ್ದೆನಲ್ಲ ಎಂದುಕೊಂಡಳು.

ಫೆಬ್ರವರಿ ಆರರಂದು ಬೆಳಿಗ್ಗೆ ಹನ್ನೊಂದಕ್ಕೆ ಜೈಲಿನ ಭೇಟಿ ಕೊಠಡಿ. ಜುಲ್ಮಿರಾಳ ಪಕ್ಕದಲ್ಲಿ ಅವಳ ವಕೀಲೆ ಕೂತಿದ್ದಳು. ಇವೊನ್ ಟೇಪು ಹಾಕಿದಳು. ಜುಲ್ಮಿರಾ ಮೊದಲ ಮಾತಿಗೇ ಕಣ್ಣು ಮುಚ್ಚಿದಳು. ಮುಗಿದ ಮೇಲೆ, “ಇನ್ನೊಂದ್ಸಲ ಹಾಕ್ತೀರಾ?” ಅಂದಳು.

ಇವೊನ್ ಹಾಕಿದಳು.

“ಇನ್ನೊಂದೇ ಒಂದ್ಸಲ.”

ಮೂರನೆಯ ಸಲ ಹಿಟ್ಟು ತಟ್ಟುವ ಸದ್ದಿಗೆ ಅವಳ ಮುಖ ಅರಳಿತು.

“ನೀನೂ ಬ್ರೆಡ್ಡು ಮಾಡ್ತಿದ್ಯಾ?” ಇವೊನ್ ಕೇಳಿದಳು.

“ನಾನಾ? ಅಮ್ಮ ಹಿಟ್ಟಿನ ಹತ್ರಾನೂ ಬಿಡ್ತಿರ್ಲಿಲ್ಲ. ಐಸಲ್ಲಿ ಮೀನು ಹಿಡ್ದೂ ಹಿಡ್ದೂ ಹೆಣದ ಕೈ ಆಗಿದೆ, ನೀ ಮುಟ್ಟಿದ್ರೆ ಉಬ್ಬಲ್ಲ ಕಣೇ ಅಂತ ಬೈತಿದ್ಲು. ಅಮ್ಮ ಹೋದ್ಮೇಲೆ ಅದೆಲ್ಲ ಅವ್ಳೇ…”

ಮಾತು ಅಲ್ಲಿಗೇ ನಿಂತಿತು. ವಕೀಲೆ ಕೈ ಅಡ್ಡ ಹಿಡಿದಳು.

“ಮನೇಲಿ ನಿನ್ನ ಜೊತೆ ಇದ್ದೋಳು ತಂಗಿ ಒಬ್ಳೇ ಅಲ್ವಾ? ನೋಡೋಕೆ ಬರ್ತಾಳಾ?” ಇವೊನ್ ಕೇಳಿದಳು.

“ಎರಡು ವರ್ಷದಲ್ಲಿ ಒಂದ್ಸಲಾನೂ ಇಲ್ಲ.” ಜುಲ್ಮಿರಾ ಮೇಜಿನ ಮೇಲಿದ್ದ ಯಂತ್ರವನ್ನೇ ನೋಡುತ್ತಿದ್ದಳು. “ಕೈ ಮುಗೀತೀನಿ, ಮುಂದೆ ಕೇಳ್ಬೇಡಿ.”

ಇವೊನ್ ಕೇಳಲಿಲ್ಲ. ತಂಗಿ ಒಡೀಲಿಯಾ ಚರ್ಚಿನ ಸಭಾಂಗಣದಲ್ಲಿ ಬ್ರೆಡ್ಡಿನ ಆರ್ಡರು ಹಿಡಿಯುತ್ತಿದ್ದಳು; ಅಲ್ಲಿನ ಫೋನಿನಲ್ಲಿ, ಯಾರೂ ಇಲ್ಲದಾಗ ಕೇಳಿಬರುವ ಸಂದೇಶ ಅವಳದೇ ದನಿಯಲ್ಲಿತ್ತು. ವಾರಂಟ್ ಪಡೆದು ಅದನ್ನು ವಶಕ್ಕೆ ತೆಗೆದುಕೊಂಡರು. ಫೆಬ್ರವರಿ ಹತ್ತೊಂಬತ್ತಕ್ಕೆ ಪ್ರಯೋಗಾಲಯದ ವರದಿ ಬಂತು: ಟೇಪಿನಲ್ಲಿರುವುದೂ ಈ ಸಂದೇಶದಲ್ಲಿರುವುದೂ ಒಬ್ಬಳದೇ ದನಿ.

ಇವೊನ್ ತನ್ನ ವರದಿ ಬರೆಯುವ ಮೊದಲು ಜುಲ್ಮಿರಾ ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯನ್ನು ಮತ್ತೆ ಓದಿದಳು.

‘ಇದು ನಿನ್ನ ದನಿಯೇ?’ ‘ಅಲ್ಲ.’

‘ಹಾಗಾದರೆ ಯಾರದ್ದು?’ ‘ಗೊತ್ತಿಲ್ಲ.’

ಶಿಕ್ಷೆಯಾದದ್ದು ಮೊದಲ ಉತ್ತರಕ್ಕೆ, ಆದರೆ ಆ ಉತ್ತರ ನಿಜವಾಗಿತ್ತು. ಎರಡನೆಯದು ಸುಳ್ಳು, ಅದನ್ನು ಯಾರೂ ಪ್ರಶ್ನಿಸಿರಲಿಲ್ಲ. ದನಿ ಜುಲ್ಮಿರಾಳದಲ್ಲ, ಗುರುತಿಸುವುದರಲ್ಲಿ ನಾನು ತಪ್ಪಿದ್ದೆ ಎಂದಷ್ಟೇ ಬರೆದು ಇವೊನ್ ಸಹಿ ಹಾಕಿದಳು. ಮೊಕದ್ದಮೆ ಹಿಂದಕ್ಕೆ ಪಡೆಯಲಾಯಿತು.

ಫೆಬ್ರವರಿ ಇಪ್ಪತ್ತೊಂದು, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಒಡೀಲಿಯಾ ಮನೆಯ ಬಾಗಿಲು ತೆರೆದಾಗ ಮೊಣಕೈತನಕ ಹಿಟ್ಟು. ಇವೊನ್ ವಾರಂಟ್ ಓದಿ, ಸುಮ್ಮನಿರುವ ಹಕ್ಕಿದೆ ಎಂದೂ ತಿಳಿಸಿದಳು.

“ಅಕ್ಕ ಹೇಳಿದ್ಲಾ?”

“ಇಲ್ಲ. ಕೊನೇವರೆಗೂ ಹೇಳ್ಲಿಲ್ಲ.”

ಒಡೀಲಿಯಾ ಕುರ್ಚಿ ಎಳೆದುಕೊಂಡು ಕೂತಳು.

“ಅವಳನ್ನ ನೋಡೋಕಾದ್ರೂ ಹೋಗ್ಬಾರ್ದಿತ್ತಾ?” ಇವೊನ್ ಕೇಳಿದಳು.

“ಬಾಯಿ ತೆಗೆದ್ರೆ ಅಲ್ಲಿ ಯಾರಿಗಾದ್ರೂ ನನ್ನ ದನಿ ಗೊತ್ತಾಗತ್ತೆ ಅಂತ ಭಯ ಆಯ್ತು.”

“ಆ ದೋಣಿಯವನು ನಿಂಗೆ ಏನು ಕೊಡ್ತಿದ್ದ?”

“ಏನೂ ಇಲ್ಲ. ಹೋದ್ರೆ ಹನ್ನೊಂದು ದಿನ ಸಮುದ್ರದಲ್ಲಿ. ಮಾತು ತಲುಪಿಸ್ತೀನಿ ಅಂದ್ರೆ ಫೋನ್ ಮಾಡ್ತಿದ್ದ. ಇಲ್ಲಾಂದ್ರೆ ಮಾಡ್ತಿರ್ಲಿಲ್ಲ.” ಅವಳು ಬೆರಳಿನ ಹಿಟ್ಟು ಕೆರೆಯುತ್ತ ಕೂತಳು. “ಹೆಸರು ಹೇಳ್ದೆ ‘ಚಿನ್ನ’ ಅಂತ ಕರೀತಿದ್ನಲ್ಲ… ಅದನ್ನ ಕೇಳೋಕೆ.”

ಜೊತೆಗೆ ಬಂದಿದ್ದ ಕಾರ್ನಿ ಕಿಟಕಿಯ ಕಡೆ ತಿರುಗಿಕೊಂಡ.

ಒಡೀಲಿಯಾ ಕೈ ತೊಳೆದು ಬಂದಳು. ಮೂಲೆಯಲ್ಲಿದ್ದ ಹಿಟ್ಟಿನ ದೊಡ್ಡ ಪಾತ್ರೆಗೆ ಕಂಬಳಿ ಹೊದಿಸಿತ್ತು.

“ಅಕ್ಕ ಯಾವಾಗ ಬರ್ತಾಳೆ?”

“ಇವತ್ತು. ಮಧ್ಯಾಹ್ನ ಎರಡಕ್ಕೆ.”

“ಅಷ್ಟೊತ್ತಿಗೆ ಉಬ್ಬಿರತ್ತೆ. ಅವಳೇ ತಟ್ಟಿ ಒಲೆಗೆ ಇಡ್ಲಿ. ಕೈ ತಣ್ಣಗಿದ್ರೂ ಪರವಾಗಿಲ್ಲ ಅಂತ ನಾನು ಹೇಳ್ದೆ ಅನ್ನಿ.”

ಒಂಬತ್ತು ನಲವತ್ತಕ್ಕೆ ಬಂಧನ ದಾಖಲಾಯಿತು. ಮನೆಯಿಂದ ತೆಗೆದುಕೊಂಡ ವಸ್ತುಗಳ ಮಹಜರಿನಲ್ಲಿ ಇವೊನ್ ಬರೆದದ್ದು ಒಂದೇ ಒಂದು ಹಳೆಯ ಫೋನು. ಹೊರಡುವ ಮುಂಚೆ ಅವಳು ಹಿಂದಿರುಗಿ ಬಂದು, ಜಾರಿದ್ದ ಕಂಬಳಿಯನ್ನು ಪಾತ್ರೆಯ ಅಂಚಿನ ತನಕ ಎಳೆದು, ಬಾಗಿಲು ಹಾಕಿಕೊಂಡು ಹೊರಗೆ ಬಂದಳು.