ಮೇಯರ್ ಗ್ರಾಸಿಯೆನ್‌ನ ಇನ್ನೂರು ಮೂಟೆ

ಹದಿಮೂರು ವರ್ಷ ಕದ್ದು ಕುಡಿದ ಅಮೆರಿಕದವರು ಮತ್ತೆ ಕಾನೂನಿನ ಪ್ರಕಾರ ಕುಡಿಯತೊಡಗಿದ್ದನ್ನು ಗ್ರಾಸಿಯೆನ್ ಲಾರಾಲ್ದ್ ತನಗೆ ಬಗೆದ ದ್ರೋಹವೆಂದೇ ತಿಳಿದಿದ್ದ. ಅವರ ಬಾಯಾರಿಕೆಯಿಂದಲೇ ಅಲ್ಲವೇ, ಕೆನಡಾದ ಮಗ್ಗುಲಿನ ಈ ಪುಟ್ಟ ಫ್ರೆಂಚ್ ದ್ವೀಪ, ನಮ್ಮ ಸೇಂಟ್ ಪಿಯೇರ್‌ನಲ್ಲಿ ಮೀನು ಮಾರುತ್ತಿದ್ದವನು ವಿಸ್ಕಿ ಸಾಹುಕಾರನಾಗಿ, ಆಮೇಲೆ ಮೇಯರೂ ಆದದ್ದು? ಈಗ ಮದ್ಯನಿಷೇಧ ಹೋಯಿತು, ಅದರ ಹಿಂದೆಯೇ ಗಿರಾಕಿಗಳೂ ಹೋದರು. ಬರುವ ತಿಂಗಳು ಚುನಾವಣೆ ಬೇರೆ. ಮನೆಮನೆಗೂ ಕೆಲಸ ಕೊಡುವ ಮೀನಿನ ಶೀತಲಗೃಹ ಕಟ್ಟಿಸುತ್ತೇನೆಂದು ಹೋದ ಸಲ ಮಾತು ಕೊಟ್ಟಿದ್ದ. ಅಲ್ಲಿ ಅವನ ಹೆಸರು ಕೆತ್ತಿದ ಶಂಕುಸ್ಥಾಪನೆಯ ಕಲ್ಲು ಬಿಟ್ಟರೆ ಇನ್ನೇನೂ ಎದ್ದಿರಲಿಲ್ಲ. ಕುರ್ಚಿ ಹೋದರೆ ಊರು ತನ್ನನ್ನು ಮತ್ತೆ ‘ಮೀನು ಗ್ರಾಸಿಯೆನ್’ ಎಂದು ಕೂಗುತ್ತದೆ ಎಂಬ ಭಯ ಅವನ ನಿದ್ದೆ ಕೆಡಿಸಿತ್ತು.

ಉಪಾಯ ಹೊಳೆದದ್ದು ಚರ್ಚಿನಲ್ಲಿ, ಪಾದ್ರಿಗಳು ಪಾಪದ ವಿಷಯ ಹೇಳುತ್ತಿದ್ದಾಗ. ಗೋದಾಮಿನ ವಿಸ್ಕಿಗೆ ಹಳೆಯ ಬೆಲೆಯಲ್ಲೇ ವಿಮೆ ಮಾಡಿಸಿ ಬಾಸ್ಟನ್ನಿಗೆ ಸಾಗಿಸುವುದು. ಬಂದರು ದಾಟುತ್ತಿದ್ದಂತೆ ಮಂಜಿನಲ್ಲಿ ದಾರಿ ತಪ್ಪಿ ಹಡಗು ಬಂಡೆಗೆ ಸಿಕ್ಕಿಕೊಂಡಿತು ಎನ್ನುವುದು. ಹಡಗು ಉಳಿಸಲು ಸರಕನ್ನು ನೀರಿಗೆ ಎಸೆದರೆ ವಿಮೆಯವರು ಮರುಮಾತಾಡದೆ ದುಡ್ಡು ಕೊಡಬೇಕು, ಸಮುದ್ರದ ಹಳೆಯ ಕಾನೂನು ಅದು. ಹಡಗೂ ಉಳಿಯುತ್ತದೆ, ಶೀತಲಗೃಹವೂ ಏಳುತ್ತದೆ. ಹಾಗಿರುವಾಗ ಒಳ್ಳೆಯ ವಿಸ್ಕಿಯನ್ನು ಮೀನುಗಳಿಗೆ ಕುಡಿಸುವುದೇಕೆ? ನಾಲ್ಕು ಭಾನುವಾರ ಅವನೂ ತಂಗಿಯ ಗಂಡ ಯೋಯೆನ್ನೂ ನೆಲಮಾಳಿಗೆಯಲ್ಲಿ ಕೂತು, ಖಾಲಿ ಬಾಟಲಿಗಳಿಗೆ ಚಹಾದ ನೀರು ತುಂಬಿ ಬಿರಡೆ ಜಡಿದರು. ಬಣ್ಣ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಗ್ರಾಸಿಯೆನ್‌ಗೆ ತನ್ನ ಕೈಗುಣದ ಮೇಲೆ ಹೆಮ್ಮೆಯಾಯಿತು.

ಯೋಯೆನ್ ಹಡಗಿನ ಕಪ್ತಾನ. ಅಂಜುಬುರುಕ.

“ಭಾವ, ಸಿಕ್ಕಿಬಿದ್ರೆ?” ಎಂದು ಕೇಳಿದ.

“ಸಮುದ್ರದ ತಳಕ್ಕಿಳಿದು ಯಾರು ನೋಡ್ತಾರೋ? ನಿನ್ನ ಬಾಯೊಂದು ಮುಚ್ಚಿರ್ಲಿ, ಸಾಕು.”

ಒಂದೊಂದನ್ನೂ ಗ್ರಾಸಿಯೆನ್ ತೂಗಿ ನೋಡಿದ್ದ. ಬಂಡೆಗಳ ಜಾಗ ಬಂದರಿಗೆ ಹತ್ತಿರ, ಹಡಗಿನ ಕೊಂಬಿನ ಸದ್ದು ಊರಿಗೆಲ್ಲ ಕೇಳಬೇಕು. ವಿಮೆಯ ಏಜೆಂಟ್ ದೆಲ್ಪೆಷ್ ಹ್ಯಾಲಿಫ್ಯಾಕ್ಸಿನಿಂದ ಬಂದು ತಾನೇ ನಿಂತು ಮೂಟೆ ಎಣಿಸಬೇಕು. ಹೊಸ ಆಳು ಯಾರೂ ಬೇಡ, ಹೊಸ ರೀತಿ ಯಾವುದೂ ಬೇಡ. ಜನ ತಲೆಯೆತ್ತಿ ನೋಡುವುದು ಏನಾದರೂ ಬದಲಾದಾಗ ಮಾತ್ರ ಎಂಬುದು ರಾಜಕೀಯದಲ್ಲಿ ಅವನು ಕಲಿತ ಪಾಠ. ಗೋಣಿಯಲ್ಲಿ ಬಾಟಲಿ ಕಟ್ಟುವ ಹೆಂಗಸರ ಮೇಸ್ತ್ರಿ ಲಿಯೋಕಾದಿಗೂ ಅದನ್ನೇ ಹೇಳಿದ.

“ಈ ಸಲದ್ದು ಕಳ್ಳಮಾಲಲ್ವಂತಲ್ಲ ಸಾಹುಕಾರ್ರೇ, ಹೇಗೆ ಕಟ್ಟೋದು?”

“ಯಾವಾಗ್ಲೂ ಕಟ್ಟೋ ಹಾಗೇ ಕಟ್ಟಮ್ಮ. ಒಂದು ಗಂಟೂ ಹೆಚ್ಚುಕಮ್ಮಿ ಆಗ್ಬಾರ್ದು.”

“ಆಯ್ತಪ್ಪ. ನ್ಯಾಯವಾಗಿ ವ್ಯಾಪಾರ ಮಾಡೋವಾಗ್ಲೇ ನಿಮ್ಮ ಮುಖ ಬಾಡಿರುತ್ತೆ,” ಎಂದು ಅವಳು ನಕ್ಕಳು.

ಸೋಮವಾರ ದೆಲ್ಪೆಷ್ ಇನ್ನೂರು ಮೂಟೆ ಎಣಿಸಿ ರುಜು ಹಾಕಿದ. ನಮ್ಮೂರಲ್ಲಿ ಮಂಜಿಗೆ ಯಾರೂ ಕಾಯಬೇಕಾಗಿಲ್ಲ, ಮಧ್ಯಾಹ್ನಕ್ಕೇ ಎದುರು ಮನೆ ಕಾಣದಂತಾಯಿತು. ಹಡಗು ಹೊರಟ ಸ್ವಲ್ಪ ಹೊತ್ತಿಗೆ ಬಂಡೆಗಳ ಕಡೆಯಿಂದ ಕೊಂಬು ಮೊಳಗಿತು. ಸಂಜೆಗೆ ಹಡಗು ಹಗುರಾಗಿ ವಾಪಸು ಬಂತು, ಯೋಯೆನ್ ನಿಜಕ್ಕೂ ನಡುಗುತ್ತಿದ್ದುದರಿಂದ ಅವನ ಮಾತನ್ನು ಎಲ್ಲರೂ ನಂಬಿದರು. ಮೂರು ದಿನ ಜನ ಮೇಯರನ್ನು ಕಂಡಲ್ಲೆಲ್ಲ ಟೋಪಿ ತೆಗೆದು ಸಮಾಧಾನ ಹೇಳಿದರು. ವೋಟುಗಳು ತಾವಾಗಿ ಮನೆಗೆ ನಡೆದು ಬರುತ್ತಿವೆ ಎಂದುಕೊಂಡ ಗ್ರಾಸಿಯೆನ್, ಎಲ್ಲರ ಮುಂದೆಯೂ ದುಃಖದಿಂದ ತಲೆಯಾಡಿಸಿದ.

ಶುಕ್ರವಾರ ಮಂಜು ಸರಿದು ಬಿಸಿಲು ಬಂತು. ದೆಲ್ಪೆಷ್ ಮೇಯರನ ಮನೆಯಲ್ಲಿ ಹುರಿದ ಕಾಡ್ ಮೀನಿನ ನಾಲಿಗೆ ತಿಂದು, ಕೈ ಒರೆಸಿಕೊಂಡು, ವಿಮೆಯ ಕಾಗದ ಹರಡಿ ಲೇಖನಿಯ ಮುಚ್ಚಳ ತೆಗೆದ. ಅಷ್ಟರಲ್ಲಿ ಬಂದರಿನ ಕಡೆ ಗಲಾಟೆಯೆದ್ದಿತು. ಇಬ್ಬರೂ ಕಿಟಕಿಗೆ ಹೋದರು. ಊರಿನ ದೋಣಿಗಳೆಲ್ಲ ಬಂಡೆಗಳತ್ತ ಹೊರಟಿದ್ದವು.

ಅಲ್ಲಿ ನೀರಿನ ಮೇಲೆ ಸಾಲುಸಾಲಾಗಿ ಬೆಂಡುಗಳು ತೇಲುತ್ತಿದ್ದವು. ಹನ್ನೊಂದು ವರ್ಷದಿಂದ ಲಿಯೋಕಾದಿಯ ಹೆಂಗಸರು ಪ್ರತಿ ಮೂಟೆಗೂ ಉದ್ದ ಹಗ್ಗದ ತುದಿಯಲ್ಲಿ ಒಂದು ಬೆಂಡು, ಬೆಂಡಿಗೆ ಒಂದು ಉಪ್ಪಿನ ಚೀಲ ಕಟ್ಟುತ್ತಿದ್ದರು. ಅಮೆರಿಕದ ಕಾವಲು ದೋಣಿ ಅಟ್ಟಿಸಿಕೊಂಡು ಬಂದರೆ ಮೂಟೆ ನೀರಿಗೆ, ಉಪ್ಪಿನ ಭಾರಕ್ಕೆ ಬೆಂಡೂ ತಳಕ್ಕೆ. ನಾಲ್ಕು ದಿನಕ್ಕೆ ಉಪ್ಪು ಕರಗಿ ಬೆಂಡು ಮೇಲೆದ್ದು, ಮಾಲು ಇಲ್ಲಿದೆ ಎಂದು ತೋರಿಸುತ್ತಿತ್ತು. ಆ ಯುಕ್ತಿ ಕಂಡುಹಿಡಿದವನು ಗ್ರಾಸಿಯೆನ್ನೇ. ವರ್ಷಗಟ್ಟಲೆ ನೋಡಿ ನೋಡಿ ಅದು ಅವನ ಕಣ್ಣಿಗೇ ಬೀಳದಂತಾಗಿತ್ತು. ಗಂಟೆ ಕಳೆಯುವಷ್ಟರಲ್ಲಿ ಲಿಯೋಕಾದಿ ಒದ್ದೆ ಮೂಟೆಯೊಂದನ್ನು ತಂದು ಊಟದ ಮೇಜಿನ ಮೇಲೇ ಇಟ್ಟಳು. “ಒಂದೂ ಕಳೆದಿಲ್ಲ ಸಾಹುಕಾರ್ರೇ, ನೀವು ಹೇಳಿದ ಹಾಗೇ ಕಟ್ಟಿದ್ವಿ,” ಎಂದಳು. ಕಂಪನಿಯ ದುಡ್ಡು ಉಳಿದ ಖುಷಿಯಲ್ಲಿ ದೆಲ್ಪೆಷ್ ಲೇಖನಿಗೆ ಮುಚ್ಚಳ ಹಾಕಿ, ಬಾಟಲಿಯೊಂದನ್ನು ಎತ್ತಿಕೊಂಡು, ಮೇಯರರ ಅದೃಷ್ಟಕ್ಕೆ ಕುಡಿಯೋಣವೆಂದು ಮೂರು ಲೋಟ ತರಲು ಹೇಳಿದ.