ಎಡಭುಜದ ಗಂಟು

ಮಾರ್ಚ್ ಹದಿನಾಲ್ಕು, ಬೆಳಿಗ್ಗೆ 11.40. ಪ್ರಧಾನ ಅಂಚೆ ಕಚೇರಿಯ ಪೋಸ್ಟ್‌ಮಾಸ್ಟರ್ ಠಾಣೆಗೆ ಬಂದು, ತೋರಿಸಿದ ಕುರ್ಚಿಯಲ್ಲೂ ಕೂರದೆ, ದೂರಿನ ಕಾಗದವನ್ನು ಇನ್‌ಸ್ಪೆಕ್ಟರ್ ಮುಂದಿಟ್ಟರು. ಅಂಚೆಚೀಟಿಯ ಒಂದು ಹಾಳೆ ಕಳುವಾಗಿತ್ತು.

"ಒಂದೇ ಹಾಳೆನಾ?" ದಫೇದಾರ ಪೆನ್ನಿನ ಮುಚ್ಚಳ ತೆಗೆಯುತ್ತ ಕೇಳಿದ.

"ಒಂದೇ. ಸುಡೋಕೆ ಇಟ್ಟಿದ್ದು."

"ಸುಡೋದನ್ನ ಕದ್ರೆ ನಿಮಗೊಂದು ಬೆಂಕಿಕಡ್ಡಿ ಉಳೀತಲ್ಲಾ ಸ್ವಾಮಿ!"

ಇನ್‌ಸ್ಪೆಕ್ಟರ್ ಒಮ್ಮೆ ತಲೆಯೆತ್ತಿ ನೋಡಿದರು. ದಫೇದಾರ ಎಫ್‌ಐಆರ್ ಬರೆಯತೊಡಗಿದ.

ವಿಷಯ ಇಷ್ಟು. ಅರವತ್ತು ವರ್ಷ ಮುಚ್ಚಿದ್ದ ಗಡಿ ತೆರೆದ ನೆನಪಿಗೆ ಎರಡು ದೇಶಗಳು ಕೂಡಿ ಸ್ನೇಹದ ಅಂಚೆಚೀಟಿ ತರುವುದಿತ್ತು. ಒಂದರಲ್ಲಿ ಇಲ್ಲಿಯ ಜನಪದ ಉಡುಗೆ, ಇನ್ನೊಂದರಲ್ಲಿ ಅಲ್ಲಿಯದು. ಬಿಡುಗಡೆಗೆ ಮೊದಲೇ ಅತ್ತಲಿಂದ ಆಕ್ಷೇಪ ಬಂತು: ತಮ್ಮ ಚೀಟಿಯ ಹೆಂಗಸು ಕೆಂಪು ಶಾಲಿನ ಗಂಟನ್ನು ಎಡಭುಜದ ಮೇಲೆ ಹಾಕಿದ್ದಾಳೆ, ಅದು ಬಲಕ್ಕಿರಬೇಕು. ಈ ಕಚೇರಿಗೆ ಬಂದಿದ್ದ ಆ ಚೀಟಿಯ ಐವತ್ತು ಹಾಳೆಗಳನ್ನೂ ಸುಡಲು ಆದೇಶವಾಯಿತು. ಆರನೇ ತಾರೀಖು ಎಣಿಸಿದರು, ಏಳರ ಬೆಳಿಗ್ಗೆ ಅರಗಿನ ಮುದ್ರೆ ಒತ್ತಿದರು. ಹದಿನಾಲ್ಕರಂದು ಕಟ್ಟು ಬಿಚ್ಚಿ ಒಂದೊಂದು ಹಾಳೆಗೂ ಕೆಂಪು ಗೀಟು ಎಳೆಯುತ್ತಿದ್ದಾಗ ನಡುವೆ ಸಿಕ್ಕಿದ್ದು ದಿನಬಳಕೆಯ ಗುಲಾಬಿ ಚೀಟಿಯ ಹಾಳೆ.

"ಎಣಿಸುವಾಗ ಗೊತ್ತಾಗಲಿಲ್ವಾ?" ಇನ್‌ಸ್ಪೆಕ್ಟರ್ ಕೇಳಿದರು.

"ನಾವು ಹಾಳೆ ಬಿಡಿಸಿ ನೋಡಲ್ಲ ಸಾರ್. ಮೂಲೆ ಹಿಡಿದು ಬೆರಳಲ್ಲೇ ಎಣಿಸ್ತೀವಿ. ಮೂಲೆಯೆಲ್ಲ ಬಿಳಿಯೇ."

ಅಂದರೆ ಒಳಗಿನವರದೇ ಕೈ. "ಬೇಲಿಯೇ ಎದ್ದು ಹೊಲ ಮೇಯ್ದಿದೆ," ಎಂದ ದಫೇದಾರ. ತಪ್ಪಾಗಿ ಅಚ್ಚಾದ ಚೀಟಿಗೆ ಸಂಗ್ರಾಹಕರು ಮುಗಿಬೀಳುತ್ತಾರೆಂದು ಹಳೆಯ ಅಂಚೆಚೀಟಿ ಮಾರುವ ಮೂರು ಅಂಗಡಿಗಳಲ್ಲಿ ವಿಚಾರಿಸಿದ್ದಾಯಿತು. ಯಾರೂ ಮಾರಲು ತಂದಿರಲಿಲ್ಲ.

ಮಾರನೆಯ ದಿನ ಇನ್‌ಸ್ಪೆಕ್ಟರ್ ಆ ಗುಲಾಬಿ ಹಾಳೆಯನ್ನೇ ಹರಡಿಕೊಂಡು ಕೂತರು. ಅಂಚಿನಲ್ಲಿ ಸಣ್ಣದಾಗಿ ಸಂಖ್ಯೆಯಿತ್ತು, 4179. ಕೌಂಟರಿನ ರಿಜಿಸ್ಟರ್ ತರಿಸಿದರು. ಅದು ಆರನೇ ತಾರೀಖಿನ ಮಧ್ಯಾಹ್ನ ಮಾರಾಟವಾಗಿತ್ತು.

"ಯಾರು ತಗೊಂಡ್ರು?"

"ನಮ್ಮ ದೊಡ್ಡಕ್ಕ ಸಾರ್," ಎಂದಳು ಕೌಂಟರಿನ ಗುಮಾಸ್ತೆ. "ಟಪಾಲು ವಿಂಗಡಿಸ್ತಾರಲ್ಲ, ಅವರು. ರಸೀದಿನೂ ಕೇಳಿ ತಗೊಂಡ್ರು."

"ರಸೀದಿ ತಗೊಳ್ಳೋ ಕಳ್ರನ್ನ ನಾನು ಇದೇ ಮೊದಲು ನೋಡ್ತಿರೋದು," ಎಂದ ದಫೇದಾರ.

ಎಣಿಕೆಗೆ ಕೂತಿದ್ದ ಮೂವರಲ್ಲಿ ದೊಡ್ಡಕ್ಕನೂ ಒಬ್ಬರು. ನಿವೃತ್ತಿಗೆ ಹನ್ನೊಂದು ತಿಂಗಳಿತ್ತು. ಅಂದು ರಜೆಯಲ್ಲಿದ್ದರು.

ಮಧ್ಯಾಹ್ನ 3.10. ಮಹಿಳಾ ಕಾನ್‌ಸ್ಟೆಬಲ್ ಬಾಗಿಲು ತಟ್ಟಿದಳು. ಬಾಗಿಲು ತೆರೆದ ದೊಡ್ಡಕ್ಕ ಏನೂ ಕೇಳದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಕಿಟಕಿಯ ಬಳಿ ಅವರ ತಾಯಿ ಕೂತಿದ್ದರು. ತೊಡೆಯ ಮೇಲೊಂದು ತಟ್ಟೆ, ತಟ್ಟೆಯಲ್ಲಿ ಆ ಹಾಳೆ. ಒಂದು ಚೀಟಿಯೂ ಹರಿದಿರಲಿಲ್ಲ.

"ನರ್ಸಮ್ಮಾ, ಯಾರು ಬಂದಿರೋದು?"

"ಆಫೀಸಿನವರು, ಅಮ್ಮ."

ಇನ್‌ಸ್ಪೆಕ್ಟರ್ ದನಿ ತಗ್ಗಿಸಿ ಕೇಳಿದರು. "ನೀವೇ ತೆಗೆದದ್ದಾ?"

"ಹೌದು ಸಾರ್."

"ಯಾಕೆ?"

"ಅಮ್ಮ ಗಡಿಯಾಚೆಯವರು. ಹದಿನೇಳಕ್ಕೆ ಮದುವೆಯಾಗಿ ಈಚೆಗೆ ಬಂದ್ರು, ಆ ವರ್ಷವೇ ಗಡಿ ಮುಚ್ತು. ಅವರ ಕಣಿವೇಲಿ ಮನೆಯವರು ಯಾರಾದ್ರೂ ದೂರ ಹೋಗಿದ್ರೆ, ಅವರು ಬರೋವರೆಗೂ ಗಂಟು ಎಡಕ್ಕೇ ಹಾಕ್ತಾರೆ. ರಾಜಧಾನಿಯವರಿಗೆ ಅದು ಗೊತ್ತಿಲ್ಲ. ಚೀಟಿ ತಪ್ಪಲ್ಲ ಸಾರ್."

"ಒಂದನ್ನ ಕೇಳಿ ತಗೋಬಹುದಿತ್ತು."

"ಕೇಳಿದೆ. ನಿಯಮದಲ್ಲಿಲ್ಲ ಅಂದ್ರು. ಒಂದು ರಾತ್ರಿ ತೋರಿಸಿ ಬೆಳಿಗ್ಗೆ, ಮುದ್ರೆ ಒತ್ತೋಕೆ ಮುಂಚೆ, ವಾಪಸ್ ಇಟ್ಟುಬಿಡೋಣ ಅಂದ್ಕೊಂಡೆ."

"ಇಡಲಿಲ್ಲ?"

ದೊಡ್ಡಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಎರಡು ವರ್ಷದಿಂದ ಅಮ್ಮಂಗೆ ನನ್ನ ಗುರುತಿಲ್ಲ. ಅವತ್ತು ಇದನ್ನ ನೋಡಿ, 'ಮಗಳೇ, ಬಾ, ನಿನ್ನ ದೊಡ್ಡಮ್ಮ ನೋಡು, ಇನ್ನೂ ನನಗೋಸ್ಕರ ಕಾಯ್ತಿದಾಳೆ' ಅಂದ್ರು. ಮಗಳೇ ಅಂದ್ರು ಸಾರ್. ಇನ್ನೊಂದು ಸಲ ಅಂತಾರೇನೋ ಅಂತ ಇಟ್ಕೊಂಡೆ."

"ಅಂದ್ರಾ?"

ಅವರು ತಲೆಯಾಡಿಸಿದರು. ಇಲ್ಲ.

ಇನ್‌ಸ್ಪೆಕ್ಟರ್ ದಫೇದಾರನ ಕಡೆ ತಿರುಗಿದರು. "ಪಂಚನಾಮೆ ಬರಿ. ಹಾಳೆಯ ಮೂವತ್ತಾರು ಚೀಟಿಗೂ ಬೇರೆಬೇರೆ ವಿವರ."

"ಎಲ್ಲಾ ಒಂದೇ ಥರ ಇದಾವಲ್ಲ ಸಾರ್?"

"ಒಂದೊಂದಾಗಿ ಬರಿ ಅಂದೆ. ಹಾಳೆ ಅವರ ತೊಡೆ ಮೇಲೇ ಇರ್ಲಿ."

ಪಂಚರಾಗಿ ಕರೆಸಿದ ಅಕ್ಕಪಕ್ಕದ ಮನೆಯವರಿಬ್ಬರು ಗೋಡೆಗೊರಗಿ ನಿಂತರು. 3.25ಕ್ಕೆ ಶುರುವಾದ ಪಂಚನಾಮೆ 5.15ಕ್ಕೆ ಮುಗಿಯಿತು. ಅಷ್ಟು ಹೊತ್ತೂ ದೊಡ್ಡಕ್ಕ ತಾಯಿಯ ಪಕ್ಕದಲ್ಲೇ ಕೂತು ಅವರ ಬಾಯನ್ನೇ ನೋಡುತ್ತಿದ್ದರು. ತಾಯಿ ಚೀಟಿ ನೋಡಿ ನಗುತ್ತಿದ್ದರು, ತಮ್ಮ ಭಾಷೆಯಲ್ಲಿ ಏನೇನೋ ಗುನುಗುತ್ತಿದ್ದರು. ಮಗಳತ್ತ ತಿರುಗಲಿಲ್ಲ.

ಹಾಳೆಯನ್ನು ಲಕೋಟೆಗೆ ಹಾಕಿ ಮುದ್ರೆ ಒತ್ತಿದರು. ದೊಡ್ಡಕ್ಕನ ತಂಗಿಗೆ ಫೋನಾಯಿತು. ಅವಳು ಬರುವತನಕ ನಾನಿರುತ್ತೇನೆಂದು ಪಕ್ಕದ ಮನೆಯಾಕೆ ಒಪ್ಪಿಕೊಂಡಳು. ದಸ್ತಗಿರಿ ಪತ್ರಕ್ಕೆ ಮನೆಯವರೊಬ್ಬರ ಸಹಿಯೋ ಹೆಬ್ಬೆಟ್ಟೋ ಬೇಕಿತ್ತು. ಇನ್‌ಸ್ಪೆಕ್ಟರ್ ಮುದುಕಿಯ ಮುಂದೆ ಮಂಡಿಯೂರಿ, ಹೆಬ್ಬೆಟ್ಟಿಗೆ ಶಾಯಿ ಹಚ್ಚಿ ಕಾಗದಕ್ಕೆ ಒತ್ತಿಸಿದರು.

"ಅಮ್ಮ, ಇವರು ನಿಮಗೇನಾಗಬೇಕು?"

"ನಮ್ಮ ನರ್ಸು," ಎಂದರು ಮುದುಕಿ. "ಬಹಳ ಒಳ್ಳೆಯವಳು. ಬೇಗ ಕಳಿಸಿಕೊಡಿ."

ಇನ್‌ಸ್ಪೆಕ್ಟರ್ ಪೆನ್ನು ತೆಗೆದು, ಸಂಬಂಧ ಎಂದಿದ್ದ ಕಡೆ 'ತಾಯಿ' ಎಂದು ಬರೆದರು.