ಬೂದಿಗಣ್ಣ ಮರೆತ ತಪ್ಪು

ಕೈ ಮಾಡ್ತು, ತಲೆಗೆ ಗೊತ್ತಿಲ್ಲ, ಕತ್ತು ಯಾಕೆ ಕೊಡಬೇಕು? ಒಗಟು ಬಿಡಿಸಿ ನೋಡೋಣ! ಬರಲ್ವಾ? ನಮ್ಮ ಮೇಷ್ಟ್ರಿಗೂ ಬರ್ಲಿಲ್ಲ, ಬೆಂಚಿನ ಮೇಲೆ ನಿಲ್ಲಿಸಿದ್ದು ಮಾತ್ರ ನನ್ನನ್ನ.

ಬಹಳ ಹಿಂದೆ, ಏಳು ಗುಡ್ಡದಾಚೆಯ ಹುತ್ತಗಿರಿ ರಾಜ್ಯದಲ್ಲಿ ಬೂದಿಗಣ್ಣ ಅನ್ನೋ ಮಾಂತ್ರಿಕನಿದ್ದ. ಒಂದಿನ ಸಿರಿಯವ್ವ ಅನ್ನೋ ಹೆಂಗಸಿನ ಮಗ ಕೆಂಚನನ್ನು ಕೊಕ್ಕರೆ ಮಾಡಿ, ಕೇಕೆ ಹಾಕಿ ಓಡುತ್ತಾ ಕಾಡಿನ ಮರೆವಿನ ಬಾವಿಗೆ ಬಿದ್ದ. ಮೇಲೆ ಬಂದಾಗ ತನ್ನ ಹೆಸರೇ ಗೊತ್ತಿಲ್ಲ! ಪಕ್ಕದೂರಲ್ಲಿ ಮಡಕೆ ಮಾಡಿಕೊಂಡು, ಮಕ್ಕಳಿಗೆ ಮಣ್ಣಿನ ಪೀಪಿ ಹಂಚಿಕೊಂಡು ಒಳ್ಳೇ ತಾತನಾಗಿಬಿಟ್ಟ.

ವರ್ಷಗಳಾದ ಮೇಲೆ ಸಂತೆಯಲ್ಲಿ ಸಿರಿಯವ್ವ ಆ ಬೂದಿ ಬಣ್ಣದ ಕಣ್ಣು ನೋಡಿ ಕಿರುಚಿದಳು. ಭಟರು ತಾತನನ್ನು ರಾಜನ ಮುಂದೆ ಎಳೆದು ತಂದರು.

ಹುತ್ತಗಿರಿಯ ಪದ್ಧತಿ ಹೀಗೆ: ತಪ್ಪು ಮಾಡಿದವನು ಒಪ್ಪುಗಲ್ಲಿನ ಮೇಲೆ ನಿಂತು, ಮನಸಾರೆ, ತನ್ನ ತಪ್ಪನ್ನು ತಾನೇ ಹೇಳಬೇಕು. ಇಲ್ಲದಿದ್ದರೆ ಕತ್ತಿ ಕಡಿಯಲ್ಲ.

ಮೊದಲು ಮಂತ್ರಿ ಗದರಿಸಿದ. "ಒಪ್ಕೊಳ್ಳೋ!"

"ಏನಂತ ಒಪ್ಕೊಳ್ಳಲಿ, ಬುದ್ಧೀ?"

ತಳವಾರ ಕತ್ತಿ ಎತ್ತಿದರೆ, ಅದು ಮೂಲಂಗಿ! ಸಭೆಯೆಲ್ಲ ಬಾಯಿ ಬಿಟ್ಟಿತು.

ಎರಡನೇ ಸಲ ಪುರೋಹಿತ ಆ ತಪ್ಪನ್ನು ಮಗ್ಗಿ ಥರ ಬಾಯಿಪಾಠ ಮಾಡಿಸಿದ. ತಾತ ಒಪ್ಪಿಸಿದ. ಹೊಸ ಕತ್ತಿ ಎತ್ತಿದರೆ, ಪಡವಲಕಾಯಿ! ರಾಜನ ಕಿರೀಟವೇ ಜಾರಿತು.

ಮೂರನೇ ಸಲ ಸಿರಿಯವ್ವ ಕೊಕ್ಕರೆಯನ್ನು ಎತ್ತಿಕೊಂಡು ಬಂದಳು. "ಇವನು ನನ್ನ ಮಗ. ಅವ್ವಾ ಅನ್ನೋಕೂ ಆಗ್ದಂಗೆ ಮಾಡಿಬಿಟ್ಟ ಒಬ್ಬ."

ತಾತ ಅತ್ತುಬಿಟ್ಟ. "ಅಯ್ಯಯ್ಯೋ, ಎಂಥ ರಾಕ್ಷಸ! ಮಹಾಪ್ರಭು, ಅವನನ್ನ ಸುಮ್ನೆ ಬಿಡಬೇಡಿ!"

"ಅವನು ನೀನೇ ಕಣೋ," ಅಂದಳು ಸಿರಿಯವ್ವ.

ತಾತ ತನ್ನ ಕೈಗಳನ್ನೇ ಹಾವು ನೋಡಿದ ಹಾಗೆ ನೋಡಿಕೊಂಡ.

ರಾಜ ಮೆಲ್ಲಗೆ ಹೇಳಿದ, "ನಮ್ಮ ಹತ್ತಿರ ನೆನಪಿನ ನೀರಿದೆ. ಕುಡಿದರೆ ಮಂತ್ರ ನೆನಪಾಗುತ್ತೆ. ಹಳೇ ಕೆಟ್ಟಬುದ್ಧಿಯೂ ಬರುತ್ತೆ."

"ಕೊಡಿ. ಹುಡುಗ ಮೊದಲಿನಂಗಾಗ್ಲಿ. ಆ ಕೇಡಿ ವಾಪಸ್ ಬಂದ್ರೆ ಕತ್ತಿ ಇದೆಯಲ್ಲ."

ಕುಡಿದ. ಬೂದಿಗಣ್ಣು ಕೆಂಡವಾಯಿತು. ಹಲ್ಲು ಕಡಿದ, ಉಗಿದ. ಆದರೆ ಒಳಗಿದ್ದ ತಾತ ಅವನ ನಾಲಿಗೆ ಹಿಡಿದು ಮಂತ್ರ ಹೇಳಿಸಿದ. ರೆಕ್ಕೆ ಉದುರಿ ಕೆಂಚ "ಅವ್ವಾ!" ಅಂದ.

"ಮಾಡಿದ್ದು ನಾನೇ," ಅಂದು ತಾತ ಕತ್ತು ಬಗ್ಗಿಸಿದ. ತಳವಾರ ಕತ್ತಿ ಎತ್ತಿದ. ಈ ಸಲ ಅದು ಕತ್ತಿಯಾಗಿಯೇ ಉಳಿಯಿತು.

"ನಿಲ್ಲಿ!" ಅಂದಳು ಸಿರಿಯವ್ವ. ಬೂದಿಗಣ್ಣನ ಕೆಟ್ಟತನ ಹೊಗೆಯಾಗಿ ಹಾರಿಹೋಯಿತು. ಎಲ್ಲರೂ ಹೋಳಿಗೆ ತಿಂದು ಸುಖವಾಗಿದ್ದರು.

ಹೋಳಿಗೆ ನಾನು ಹಾಕಿದ್ದು. "ನಿಲ್ಲಿ" ಅನ್ನೋದೂ ನಾನೇ ಹಾಕಿದ್ದು. ನಮ್ಮ ಚಿಕ್ಕಜ್ಜಿ ಹೇಳಿದ್ದು ಕತ್ತಿ ಎತ್ತೋವರೆಗೆ ಅಷ್ಟೇ. ಆಮೇಲೇನಾಯ್ತು ಅಂತ ಕೇಳಿದ್ರೆ, "ನೀನಾಗಿದ್ರೆ ಏನ್ಮಾಡ್ತಿದ್ದೆ?" ಅಂತ ಎದ್ದು ಒಳಗೆ ಹೋಗಿಬಿಟ್ಳು. ನನಗೆ ಕಡಿಸೋಕೆ ಮನಸ್ಸಾಗಲಿಲ್ಲ.